ಬ್ರೆಡ್ ಅಕ್ಕನದು, ಕಾಫಿ ತಮ್ಮನದು: ಬೀಜ ಹುರಿಯುವ ದಿನ ಹೀಗೆ ಮಾಡಿ

ಅಕ್ಕ-ತಮ್ಮ ಸೇರಿ ಪುಟ್ಟ ಬೇಕರಿ ಇಟ್ಟು, ಜೊತೆಗೆ ಕಾಫಿ ಬೀಜವನ್ನೂ ತಾವೇ ಹುರಿಯುವುದು ಚೆಂದದ ಕೆಲಸ. ಆದರೆ ಹಾಗೆ ಮಾಡುವವರು ಬೀಜ ಸುಟ್ಟುಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ತಪ್ಪು ಯಂತ್ರದ್ದಲ್ಲ. "ಒಂದ್ನಿಮಿಷ ಬಾರೋ, ಈ ಟ್ರೇ ಹಿಡಿ" ಅನ್ನುವ ಕರೆಯದು. ಹೊರಗಿನ ಕೆಲಸದವರಾಗಿದ್ದರೆ ಕರೆಯಲು ಹಿಂದೆ ಮುಂದೆ ನೋಡುತ್ತಿದ್ದರು. ಒಡಹುಟ್ಟಿದವರ ನಡುವೆ ಆ ಸಂಕೋಚ ಎಲ್ಲಿರುತ್ತದೆ?

ಹಂತ 1: ಮೊದಲು ಬ್ರೆಡ್, ಆಮೇಲೆ ಕಾಫಿ

ಎರಡನ್ನೂ ಒಟ್ಟಿಗೆ ಮಾಡಲೇಬೇಡಿ. ಹಿಟ್ಟು ಉಬ್ಬಿದ ಮೇಲೆ ಕಾಯುವುದಿಲ್ಲ, ಬೀಜವೂ ಕಾಯುವುದಿಲ್ಲ. ಬ್ರೆಡ್ ಪೂರ್ತಿ ಹೊರಬಂದ ಮೇಲೆ ಬೆಣ್ಣೆ, ಕ್ರೀಮ್ ಎಲ್ಲ ಮುಚ್ಚಿ ಒಳಗಿಡಿ. ಬೆಣ್ಣೆ ಹೊಗೆಯ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಮೈದಾ ಧೂಳನ್ನು ಒರೆಸಿ. ಗಾಳಿಯಲ್ಲಿ ಹಾರುವ ಹಿಟ್ಟೂ ಹುರಿಯುವಾಗ ಉದುರುವ ಒಣ ಹೊಟ್ಟೂ ಬೆಂಕಿ ಹಿಡಿಯುವಂಥವು. ಹೊಟ್ಟು ಬೀಳುವ ಡಬ್ಬಿಯನ್ನು ಖಾಲಿ ಮಾಡಿಯೇ ಶುರು ಮಾಡಿ.

ಬ್ರೆಡ್ ಓವನ್‌ನಲ್ಲೇ ಟ್ರೇ ಇಟ್ಟು ಹುರಿದುಬಿಡೋಣ ಅನ್ನುವವರಿದ್ದಾರೆ. ಬೇಡ. ಬೀಜ ಅಲ್ಲಿ ಅಲುಗಾಡುವುದಿಲ್ಲ. ಅರ್ಧ ಕಪ್ಪಾಗುತ್ತದೆ, ಅರ್ಧ ಹಸಿ ಉಳಿಯುತ್ತದೆ. ಮರುದಿನದ ಬ್ರೆಡ್ಡಿಗೂ ಹೊಗೆ ವಾಸನೆ ಹತ್ತುತ್ತದೆ.

ಹಂತ 2: ತೂಗಿ, ಕಾಯಿಸಿ, ಹಾಕಿ

1 ಕಿಲೋ ಬೀಜ ಹಿಡಿಯುವ ಹುರಿಯುವ ಯಂತ್ರಕ್ಕೆ 800 ಗ್ರಾಂ ಹಸಿರು ಬೀಜ (ಇನ್ನೂ ಹುರಿಯದ್ದು) ಸಾಕು. ತುಂಬಿಸಬೇಡಿ. ಯಂತ್ರ ಕಾದ ಮೇಲೆ ಬೀಜ ಹಾಕಿ.

ಹಂತ 3: ಕಿವಿ ಇಲ್ಲೇ ಇರಲಿ

ಎಲ್ಲ ಹಾಳಾಗುವುದು ಇಲ್ಲಿ. ಮೊದಲು ಬೀಜ ಹಳದಿಯಾಗುತ್ತದೆ, ಒಣಹುಲ್ಲಿನ ವಾಸನೆ ಬರುತ್ತದೆ. ಆಮೇಲೆ ಕಂದು ಬಣ್ಣ ತಿರುಗಿ, ಥೇಟ್ ಬ್ರೆಡ್ ಬೇಯುವ ಪರಿಮಳ. ಈ ವಾಸನೆ ಅಕ್ಕನಿಗೂ ಚೆನ್ನಾಗಿ ಗೊತ್ತು, ಅಲ್ವಾ? ಬೀಜದ ಶಾಖ ಸುಮಾರು 196 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಪಾಪ್‌ಕಾರ್ನ್ ಸಿಡಿದ ಹಾಗೆ ಪಟಪಟ ಸದ್ದು. ಒಳಗಿನ ಆವಿ ಬೀಜವನ್ನು ಒಡೆಯುವ ಸದ್ದು ಅದು. ಮೀಟರು ಒಂದೊಂದು ಯಂತ್ರದಲ್ಲಿ ಒಂದೊಂದು ತೋರಿಸುತ್ತದೆ. ಹಾಗಾಗಿ ಕಿವಿಯನ್ನೇ ನಂಬಿ.

ಪಟಪಟ ಶುರುವಾದ ಕೂಡಲೇ "ಒಡೀತು!" ಎಂದು ಜೋರಾಗಿ ಕೂಗಿ. ಬೀಜ ತಣ್ಣಗಾಗುವವರೆಗೆ ಅಕ್ಕ ಕರೆಯಬಾರದು, ತಮ್ಮ ತಿರುಗಬಾರದು. ಗಿರಾಕಿ ಬಂದರೆ ಅಕ್ಕನೇ ನೋಡಿಕೊಳ್ಳಲಿ, ಫೋನ್ ಬಡಿದುಕೊಳ್ಳಲಿ ಬಿಡಿ. ಬೆಂಕಿ ಸ್ವಲ್ಪ ತಗ್ಗಿಸಿ. ಪೂರ್ತಿ ಆರಿಸಿದರೆ ಬೀಜ ಸಪ್ಪೆಯಾಗುತ್ತದೆ. ನನ್ನ ಕೈಯಾದರೆ ಸದ್ದು ಶುರುವಾಗಿ ಎರಡು ನಿಮಿಷಕ್ಕೆ ಸುರಿದುಬಿಡುತ್ತೇನೆ. ಬೀಜದ ಸಿಹಿ ಉಳಿಯುವುದು ಅಲ್ಲೇ. ಇನ್ನೂ ಬಿಟ್ಟರೆ ಸುಮಾರು 224 ಡಿಗ್ರಿಯಲ್ಲಿ ಎರಡನೇ ಸದ್ದು ಬರುತ್ತದೆ. ಒಣಕಡ್ಡಿ ಮುರಿದ ಹಾಗೆ ಸಣ್ಣಗೆ ಚಿಟಿಚಿಟಿ. ಅಲ್ಲಿಂದ ಮುಂದೆ ಕಹಿ ಏರುತ್ತಾ ಹೋಗುತ್ತದೆ.

ಒಮ್ಮೆ ನನ್ನ ಕಣ್ಣೆದುರೇ ತಮ್ಮನೊಬ್ಬ ಬನ್ ಟ್ರೇ ಹಿಡಿಯಲು ಹೋಗಿ ಬಂದ. ಅಷ್ಟರಲ್ಲಿ ಬೀಜದ ಮೈಯೆಲ್ಲ ಎಣ್ಣೆ ಜಿನುಗಿ ಮಿರಿಮಿರಿ ಮಿಂಚುತ್ತಿತ್ತು, ನೀಲಿ ಹೊಗೆ ಸೂರಿಗೆ ಮುಟ್ಟಿತ್ತು. ಅಕ್ಕ ಕೈಯಲ್ಲಿದ್ದ ಬಟ್ಟೆಯಿಂದ ಬನ್‌ಗಳನ್ನು ಮುಚ್ಚುತ್ತಾ ನಿಂತಿದ್ದಳು.

ಹಂತ 4: ಬೇಗ ತಣಿಸಿ

ಸುರಿದ ಮೇಲೂ ಬೀಜ ತನ್ನ ಬಿಸಿಯಲ್ಲೇ ಬೇಯುತ್ತಿರುತ್ತದೆ. ಫ್ಯಾನ್ ಹಾಕಿ, ಕೈಯಾಡಿಸುತ್ತಾ ನಾಲ್ಕು ನಿಮಿಷದೊಳಗೆ ತಣ್ಣಗೆ ಮಾಡಿ. ಬೇಗ ಆಗಲಿ ಅಂತ ನೀರು ಚಿಮುಕಿಸಬೇಡಿ. ಇಷ್ಟು ಕಡಿಮೆ ಬೀಜಕ್ಕೆ ಫ್ಯಾನೇ ಸಾಕು.

ಆಮೇಲೆ ತೂಗಿ. 800 ಗ್ರಾಂ ಹಾಕಿದ್ದು ಸುಮಾರು 680 ಗ್ರಾಂ ಬಂದಿದ್ದರೆ ಹದ ನಡುವಿನದು. ಇಳಿದ ತೂಕವನ್ನು ಬೆಲೆ ಹಾಕುವಾಗ ಇಬ್ಬರೂ ಲೆಕ್ಕಕ್ಕೆ ಹಿಡಿಯಿರಿ. ಮನೆಯವರ ನಡುವೆ ಮನಸ್ತಾಪ ಬರುವುದು ಸುಮ್ನೆ ಬಿಟ್ಟ ಇಂಥ ಲೆಕ್ಕದಿಂದಲೇ.

ಹಂತ 5: ಕಾಯಿರಿ

ಹುರಿದ ಬೀಜ ಕೆಲವು ದಿನ ಇಂಗಾಲದ ಡೈ ಆಕ್ಸೈಡ್ ಬಿಡುತ್ತಿರುತ್ತದೆ. ಗಾಳಿ ಹೊರಹೋಗುವ ವಾಲ್ವ್ ಇರುವ ಚೀಲಕ್ಕೇ ತುಂಬಿ. ಕೌಂಟರ್ ಮೇಲೆ ಚೆಂದ ಕಾಣಲಿ ಅಂತ ಗಾಜಿನ ಜಾಡಿಗೆ ಹಾಕಿಟ್ಟರೆ ಬೆಳಕು ಬಿದ್ದು ರುಚಿ ಹೋಗುತ್ತದೆ.

ಮೂರನೇ ದಿನ ಕುಡಿದು ನೋಡಿ. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಅನಿಸಿದ್ದನ್ನು ಬರೆದು, ಆಮೇಲೆ ಒಬ್ಬರಿಗೊಬ್ಬರು ತೋರಿಸಿ. ಅಕ್ಕ ಮೊದಲು ಬಾಯಿಬಿಟ್ಟರೆ ತಮ್ಮ ಅದನ್ನೇ ಹೇಳುತ್ತಾನೆ.