ಭಯವಾದಾಗ ಕೀರ್ತನೆ ಓದುವುದು ಹೇಗೆ

ಭಯವಾಗಿದೆ ಅಂದರೆ ಎಲ್ಲರೂ ಬೈಬಲಿನ ಪ್ರಾರ್ಥನಾ ಹಾಡುಗಳಾದ ಕೀರ್ತನೆಗಳಲ್ಲಿ 91ನೆಯದನ್ನು ಓದಿ ಎನ್ನುತ್ತಾರೆ. ನಾನು ಮಾತ್ರ 121ರಿಂದ ಶುರು ಮಾಡಿ ಎನ್ನುತ್ತೇನೆ. ಎಂಟೇ ವಚನ, ಅಂದರೆ ಅಂಕಿ ಹಾಕಿದ ಎಂಟು ಸಣ್ಣ ಭಾಗ. 120ರಿಂದ 134ರವರೆಗಿನ ಯಾತ್ರಾಗೀತೆಗಳಲ್ಲಿ ಇದೂ ಒಂದು. ಕಾಲು ಜಾರುವುದು, ಹಗಲಿನ ಬಿಸಿಲು, ರಾತ್ರಿಯ ಚಂದ್ರ ಎಲ್ಲ ಇದರಲ್ಲಿವೆ. ದಾರಿ ನಡೆಯುವವರ ಭಯಗಳೇ ಅಲ್ವಾ!

ಮನಸ್ಸಿನಲ್ಲೇ ಓದಬೇಡಿ, ಬಾಯಿಬಿಟ್ಟು ಓದಿ. ಕೀರ್ತನೆಗಳ ಮೂಲ ಭಾಷೆ ಹೀಬ್ರೂ; ಆ ಕಾವ್ಯದ ಸಾಲು ಹೆಚ್ಚಾಗಿ ಎರಡು ತುಂಡಾಗಿ ಬರುತ್ತದೆ. ಮೊದಲ ತುಂಡು ಹೇಳಿದ್ದನ್ನು ಎರಡನೆಯದು ಬೇರೆ ಮಾತಲ್ಲಿ ಹೇಳುತ್ತದೆ, ಇಲ್ಲವೇ ಒಂದು ಹೆಜ್ಜೆ ಮುಂದೆ ಒಯ್ಯುತ್ತದೆ. ಕಾಯುವವನು ತೂಕಡಿಸುವುದಿಲ್ಲ ಎಂದು 3ನೇ ವಚನ ಹೇಳುತ್ತದೆ. ತೂಕಡಿಸುವುದೂ ಇಲ್ಲ, ನಿದ್ರಿಸುವುದೂ ಇಲ್ಲ ಎಂದು 4ನೇದು ಮತ್ತೆ ಹೇಳುತ್ತದೆ. ಎರಡರ ನಡುವೆ ಒಂದು ಉಸಿರು ಬಿಡಿ. ಹೆದರಿದವರಿಗೆ ಒಂದೇ ಸಲ ಹೇಳಿದರೆ ಸಾಲುವುದಿಲ್ಲ.

ಇದು ರೂಢಿಯಾದ ಮೇಲೆ 91ಕ್ಕೆ ಬನ್ನಿ. ಇಲ್ಲಿ ಯಾರು ಮಾತಾಡುತ್ತಿದ್ದಾರೆ ಎಂದು ನೋಡುತ್ತಾ ಓದಿ. ಮೊದಲ ಎರಡು ವಚನಗಳಲ್ಲಿ ನಂಬಿದವನ ದನಿ. 3ರಿಂದ 13ರವರೆಗೆ ಹೆಚ್ಚಾಗಿ 'ನೀನು' ಎಂದು ಕರೆದು ಧೈರ್ಯ ಹೇಳುವ ದನಿ. ರಾತ್ರಿಯ ಭಯ, ಹಗಲಲ್ಲಿ ಹಾರುವ ಬಾಣ, ಕತ್ತಲಲ್ಲಿ ಅಲೆಯುವ ರೋಗ, ಮಧ್ಯಾಹ್ನ ಬಡಿಯುವ ಕೇಡು: ದಿನದ ಯಾವ ಹೊತ್ತನ್ನೂ ಬಿಟ್ಟಿಲ್ಲ. ನಿಮ್ಮ ಭಯ ಯಾವ ಹೊತ್ತಿಗೆ ಬರುತ್ತದೋ ಆ ಸಾಲಿನ ಹತ್ತಿರ ನಿಂತುಕೊಳ್ಳಿ. 14ರಿಂದ ಕೊನೆಯವರೆಗೆ ದೇವರೇ ಮಾತಾಡುತ್ತಾನೆ.

ತಂಗಿಯ ಆಪರೇಷನ್ ನಡೆಯುವಾಗ ನಾನು ಹೊರಗಿನ ಬೆಂಚಿನ ಮೇಲೆ ಕೂತು ಈ ಕೀರ್ತನೆ ಓದುತ್ತಿದ್ದೆ. ಯಾವ ಕೇಡೂ ಹತ್ತಿರ ಬರುವುದಿಲ್ಲ ಎನ್ನುವ ಸಾಲು ಗಂಟಲಲ್ಲೇ ಸಿಕ್ಕಿಕೊಂಡಿತು. ಕೇಡು ಆಗಲೇ ಬಂದು ಕೂತಿತ್ತಲ್ಲ! ಕೈಹಿಡಿದದ್ದು 15ನೇ ವಚನ: ಇಕ್ಕಟ್ಟಿನಲ್ಲಿ ನಾನು ಅವನ ಜೊತೆಗಿರುತ್ತೇನೆ ಎನ್ನುವ ಮಾತು. ಇಕ್ಕಟ್ಟು ಬರುತ್ತದೆ ಎಂದು ಕವಿತೆಯೇ ಒಪ್ಪಿಕೊಳ್ಳುತ್ತದೆ. ಆಮೇಲೆ ಇಡೀ ಕೀರ್ತನೆಯನ್ನು ಆ ವಚನದ ಕಡೆಯಿಂದಲೇ ಓದುತ್ತಿದ್ದೇನೆ. ನೀವೂ ಹಾಗೆ ಓದಿ ನೋಡಿ.

ಇದನ್ನು ತಾಯತದ ಹಾಗೆ ಬಳಸಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಸೈತಾನನು ಇದೇ ಕೀರ್ತನೆಯ ಸಾಲುಗಳನ್ನು ಹೇಳಿ, ದೇವಾಲಯದ ತುದಿಯಿಂದ ಧುಮುಕು ಎಂದು ಯೇಸುವಿಗೆ ಹೇಳುತ್ತಾನೆ. ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ಉತ್ತರ ಕೊಡುತ್ತಾನೆ.

ಕೆಲವು ರಾತ್ರಿ ಇವೆರಡೂ ನಾಲಿಗೆಗೆ ಬರುವುದಿಲ್ಲ. ಆಗ ಸುಮ್ನೆ ಒತ್ತಾಯ ಮಾಡಿಕೊಳ್ಳಬೇಡಿ. 88ನೇ ಕೀರ್ತನೆ ತೆಗೆಯಿರಿ. ಅದು ಶುರುವಿನಿಂದ ಕೊನೆಯವರೆಗೂ ಮೊರೆ, ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆಯೆಂದೇ 150 ಕೀರ್ತನೆಗಳಲ್ಲಿ ಸೇರಿಸಿದ್ದಾರೆ. ಅಷ್ಟೂ ಆಗದಿದ್ದರೆ ಪಕ್ಕದಲ್ಲಿರುವವರಿಗೆ 121ನ್ನು ಓದಲು ಹೇಳಿ. ಅದರ 3ನೇ ವಚನದಿಂದ ಮುಂದಿನದೆಲ್ಲ ಇನ್ನೊಬ್ಬರಿಗೆ ಹೇಳುವ ಮಾತೇ. ನೀವು ಕೇಳಿಸಿಕೊಂಡರೆ ಸಾಕು.