ಮೊದಲು ರಕ್ತನಾಳ, ಆಮೇಲೆ ಗಡ್ಡೆ

ಮಗುವಿಗೆ ಹದಿನಾಲ್ಕು ತಿಂಗಳು. ಕಿರುಮಿದುಳಿನಿಂದ ತೆಗೆದ ಗಡ್ಡೆಯ ಸ್ಲೈಡಿನಲ್ಲಿ ಒತ್ತೊತ್ತಾಗಿ ಸಣ್ಣ ನೀಲಿ ಕೋಶಗಳು. ಯಾರೇ ನೋಡಿದರೂ ಮೆಡುಲ್ಲೊಬ್ಲಾಸ್ಟೋಮಾ, ಮಕ್ಕಳ ಕಿರುಮಿದುಳಿನ ಕ್ಯಾನ್ಸರ್, ಎಂದಾರು. ಆದರೆ ಮೂರು ವರ್ಷದೊಳಗಿನ ಮಕ್ಕಳಲ್ಲಿ ಇದೇ ರೂಪದಲ್ಲಿ ಬರುವ ಇನ್ನೊಂದು ಕ್ಯಾನ್ಸರ್ ಗಡ್ಡೆಯಿದೆ, ಎಟಿಆರ್‌ಟಿ (ಎಟಿಪಿಕಲ್ ಟೆರಟಾಯ್ಡ್ ರ‍್ಯಾಬ್ಡಾಯ್ಡ್ ಟ್ಯೂಮರ್). ಅದರ ಚಿಕಿತ್ಸೆಯೇ ಬೇರೆ. ಹಾಗಾಗಿ ವಯಸ್ಸು ಓದಿದೊಡನೆ, ಯಾರೂ ಕೇಳದಿದ್ದರೂ, ಸ್ಲೈಡ್ ಓದುವ ರೋಗಶಾಸ್ತ್ರಜ್ಞೆಯಾದ ನಾನು ಐಎನ್‌ಐ-1 ಎಂಬ ಪ್ರೋಟೀನಿನ ಬಣ್ಣ ಹಾಕಿಸುತ್ತೇನೆ.

22ನೆಯ ವರ್ಣತಂತುವಿನಲ್ಲಿರುವ ಸ್ಮಾರ್ಕ್‌ಬಿ1 ವಂಶವಾಹಿ ತಯಾರಿಸುವ ಆ ಪ್ರೋಟೀನನ್ನು ಈ ಬಣ್ಣ ತೋರಿಸುತ್ತದೆ. ಆ ವಂಶವಾಹಿ ಕೆಡುವುದೇ ಇಂಥ ಗಡ್ಡೆಗಳಿಗೆ ಮೂಲ ಎಂಬುದು 1998ರಲ್ಲಿ ತಿಳಿಯಿತು. ದೊಡ್ಡವರ ಕ್ಯಾನ್ಸರಿನಲ್ಲಿ ಹಲವು ವಂಶವಾಹಿಗಳು ಕೆಟ್ಟಿರುತ್ತವೆ. ಇಲ್ಲಿ ಬಹುಪಾಲು ಇದೊಂದೇ, ಅದರ ಎರಡೂ ಪ್ರತಿಗಳು.

ಪ್ರೋಟೀನ್ ಇರುವ ಆರೋಗ್ಯವಂತ ಕೋಶಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಅದಿಲ್ಲದ ಎಟಿಆರ್‌ಟಿಯದು ತಿರುಗುವುದಿಲ್ಲ. ಇಲ್ಲದ್ದನ್ನು ಓದಬೇಕಾದ ಪರೀಕ್ಷೆಯಾದ್ದರಿಂದ ಮೋಸಹೋಗುವುದು ಸುಲಭ. ವೃತ್ತಿಯ ಆರಂಭದಲ್ಲಿ ಒಮ್ಮೆ, ಎಲ್ಲಿಯೂ ಬಣ್ಣವಿಲ್ಲದ ಸ್ಲೈಡ್ ಕಂಡು ಎಟಿಆರ್‌ಟಿ ಎಂದು ಬರೆಯುವುದರಲ್ಲಿದ್ದೆ. ಹಿರಿಯರೊಬ್ಬರು ಹಿಂದೆ ನಿಂತು, “ರಕ್ತನಾಳ ನೋಡಿದೆಯೇನಮ್ಮಾ?” ಎಂದರು. ರಕ್ತನಾಳದ ಒಳಪದರದ ಕೋಶಗಳು ಗಡ್ಡೆಯವಲ್ಲ, ಅವು ಕಂದಾಗಲೇಬೇಕು. ಅಂದು ಅವೂ ಬಿಳಿಚಿಕೊಂಡಿದ್ದವು. ಆ ಚೂರಿಗೆ ಅದನ್ನು ಕೆಡದಂತೆ ಕಾಪಾಡುವ ಫಾರ್ಮಾಲಿನ್ ದ್ರವ ಸರಿಯಾಗಿ ಇಳಿದಿರಲಿಲ್ಲ. ಅದೇ ಗಡ್ಡೆಯ, ಮೇಣದಲ್ಲಿ ಹುದುಗಿಸಿದ ಬೇರೆ ಚೂರಿಗೆ ಮತ್ತೆ ಬಣ್ಣ ಹಾಕಿಸಿದಾಗ ಗಡ್ಡೆಯೆಲ್ಲ ಕಂದು, ಎಂದರೆ ಎಟಿಆರ್‌ಟಿ ಅಲ್ಲ. ಒಂದು ಮಗುವಿನ ಮೇಲೆ ತಪ್ಪು ರೋಗ ಹೊರಿಸುತ್ತಿದ್ದೆ ಎಂಬ ನಡುಕ ಇಂದಿಗೂ ಇದೆ. ಅಂದಿನಿಂದ ಮೊದಲು ರಕ್ತನಾಳ ಹುಡುಕುತ್ತೇನೆ, ಆಮೇಲೆ ಗಡ್ಡೆ.

ಈ ಮಗುವಿನ ರಕ್ತನಾಳಗಳು ಚೆನ್ನಾಗಿ ಕಂದಾಗಿದ್ದವು. ಗಡ್ಡೆಯ ಕೋಶಗಳು ಕಂದಾಗಿರಲಿಲ್ಲ, ಎಟಿಆರ್‌ಟಿಯೇ.

ಎಟಿಆರ್‌ಟಿ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಒಂದು ಪ್ರತಿಯ ದೋಷ ಹುಟ್ಟಿನಿಂದಲೇ ಮೈಯ ಕೋಶಗಳಲ್ಲೆಲ್ಲ ಇರುತ್ತದೆ. ಅಂಥವರಿಗೆ ಮೂತ್ರಪಿಂಡದಲ್ಲೂ ಗಡ್ಡೆ ಬೆಳೆಯಬಹುದು. ಆದರೆ ಇನ್ನೊಂದು ಪ್ರತಿ ಚೆನ್ನಾಗಿರುವುದರಿಂದ ಅಂಥವರ ರಕ್ತನಾಳವೂ ಕಂದಾಗಿಯೇ ಕಾಣುತ್ತದೆ. ನಾನು ಇಷ್ಟು ನಂಬುವ ಸ್ಲೈಡ್ ಇದೊಂದನ್ನು ಹೇಳಲಾರದು, ರಕ್ತವನ್ನೇ ಪರೀಕ್ಷಿಸಬೇಕು. ವರದಿಯ ಕೊನೆಗೆ ಅದನ್ನು ತಪ್ಪದೆ ಬರೆಯುತ್ತೇನೆ. ಸಾಧ್ಯವಾದರೆ ತಂದೆತಾಯಿಯ ಜೊತೆಗೂ ಕುಳಿತುಕೊಳ್ಳುತ್ತೇನೆ.

“ಬಸುರಿಯಾಗಿದ್ದಾಗ ನಾನೇನಾದರೂ ತಪ್ಪು ಮಾಡಿದೆನೇ, ಮೇಡಂ?” ಎಂದು ಆ ತಾಯಿ ಕೇಳಿದರು. ಇಲ್ಲ, ನಿಮ್ಮ ಊಟದಿಂದಲೂ ಅಲ್ಲ, ಓಡಾಟದಿಂದಲೂ ಅಲ್ಲ ಎಂದೆ. ಮಗುವಿನ ರಕ್ತದಲ್ಲಿ ದೋಷ ಸಿಕ್ಕರೂ ಹೆಚ್ಚಾಗಿ ಅದು ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಮುಂದಿನ ಮಗುವಿನ ಯೋಚನೆ ಇದ್ದರೆ ನಿಮ್ಮಿಬ್ಬರ ಪರೀಕ್ಷೆಯೂ ಆಗಬೇಕು ಎಂದು ವಿವರಿಸಿದೆ. ಮಾತು ಮುಗಿಯುವ ಮೊದಲೇ ತಂದೆ ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದ್ದರು.