ಡಿಕ್ರಿಯ ಹಣ ಕೊನೆಗೂ ಕೈಗೆ ಬಂದ ಬಗೆ

ಬಾಕಿ ಹಣ ಕೊಡಬೇಕೆಂಬ ಕೋರ್ಟಿನ ಡಿಕ್ರಿ ಸಿಕ್ಕಿತು ಎಂದಾಗ "ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿ" ಎಂದವರೇ ಹೆಚ್ಚು. ಕಟ್ಟಡ ಗುತ್ತಿಗೆದಾರನೊಬ್ಬನಿಗೆ ಸಾಲಕ್ಕೆ ಕೊಟ್ಟ ಸ್ಯಾನಿಟರಿ ಸಾಮಾನಿನ ಬಾಕಿ, ಬಡ್ಡಿ ಸೇರಿ ಐದೂವರೆ ಲಕ್ಷದ ಆಸುಪಾಸು. ಅದರಲ್ಲಿ ನಾಲ್ಕೂವರೆ ಲಕ್ಷದಷ್ಟು ಈಗ ನನ್ನ ಖಾತೆಯಲ್ಲಿದೆ. ದಾವೆಯ ಹಂತ ನಿಮಗೆಲ್ಲ ಗೊತ್ತಿರುವುದೇ. ಡಿಕ್ರಿಯನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿದ ಮೇಲಿನದನ್ನಷ್ಟೇ ಬರೆಯುತ್ತೇನೆ.

ಮೊದಲು ಚರಾಸ್ತಿ ಜಪ್ತಿ. ಶುಲ್ಕ ಕಟ್ಟಿ, ಜಪ್ತಿ ಮಾಡುವ ಕೋರ್ಟಿನ ಅಮೀನರನ್ನು ಅವನ ಮನೆಗೆ ಕರೆದೊಯ್ದೆ. ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆಗಳನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಮುಟ್ಟಗೊಡುವುದಿಲ್ಲ. ಟಿ.ವಿ., ಫ್ರಿಜ್‌ಗಳಿಗೆ ಹೆಂಡತಿಯ ಹೆಸರಿನ ರಸೀದಿಗಳು ಹೊರಬಂದವು. ಕಾರಿನ ಮೇಲೆ ಬ್ಯಾಂಕಿನ ಸಾಲ. ಅವನು ಹಿಂದೆ ಕೊಟ್ಟಿದ್ದ ಚೆಕ್ಕಿನ ಜೆರಾಕ್ಸ್ ಹುಡುಕಿ ಆ ಖಾತೆಯನ್ನೂ ಜಪ್ತಿ ಮಾಡಿಸಿ ನೋಡಿದೆ. ಅದರಲ್ಲಿ ಇದ್ದದ್ದು ಎರಡು ಸಾವಿರ. ಅವನ ನಿವೇಶನದ ವಹಿವಾಟು ತೋರಿಸುವ ಋಣಭಾರ ಪತ್ರ ತೆಗೆಸಿದರೆ, ದಾವೆ ನಡೆಯುತ್ತಿರುವಾಗಲೇ ಭಾವಮೈದುನನಿಗೆ ಕ್ರಯವಾಗಿತ್ತು.

ಬಂಧನದ ವಾರಂಟ್ ಕೇಳಿದೆವು. ಆದರೆ ಬಡತನವೊಂದೇ ಕಾರಣಕ್ಕೆ ಸಾಲಗಾರನನ್ನು ಸೆರೆಗೆ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಹಣವಿದ್ದೂ ಕೊಡುತ್ತಿಲ್ಲ ಎಂದು ನಾವೇ ತೋರಿಸಬೇಕು. ಇಷ್ಟರಲ್ಲಿ ಫೀಸು, ಓಡಾಟ ಎಂದು ಅರವತ್ತು ಸಾವಿರದಷ್ಟು ಕರಗಿತ್ತು.

ದಾರಿ ತೆರೆದದ್ದು ಅದೇ ಸಂಹಿತೆಯ 21ನೇ ಆದೇಶದ 41ನೇ ನಿಯಮ. ಹಣದ ಡಿಕ್ರಿ 30 ದಿನ ತೀರದೆ ಉಳಿದರೆ ಆಸ್ತಿ ವಿವರದ ಅಫಿಡವಿಟ್ ಕೇಳಬಹುದು. ಆದೇಶ ಮೀರಿದರೆ 3 ತಿಂಗಳವರೆಗೆ ಸಿವಿಲ್ ಸೆರೆ. ಅವನು ಏನೂ ಇಲ್ಲವೆಂದೇ ಬರೆದುಕೊಟ್ಟ. ವಿಚಾರಣೆಯಲ್ಲಿ ನಮ್ಮ ವಕೀಲರು ಆಸ್ತಿಯ ಮಾತನ್ನೇ ಎತ್ತಲಿಲ್ಲ. "ಮಕ್ಕಳ ಶಾಲೆಯ ಫೀಸು ಎಲ್ಲಿಂದ ಕಟ್ಟುತ್ತೀರಿ?" ಎಂದರು. ಆ ಪ್ರಶ್ನೆ ನಾನು ಬರೆದುಕೊಟ್ಟದ್ದು. "ಒಂದು ಅಪಾರ್ಟ್‌ಮೆಂಟ್ ಕೆಲಸ ನಡೆಯುತ್ತಿದೆ" ಎಂದುಬಿಟ್ಟ.

ನನಗೆ ಬೇಕಾದದ್ದು ಅಷ್ಟೇ. ಅವನ ಬಳಿ ಇರುವುದನ್ನು ಹುಡುಕುವುದು ಬಿಟ್ಟು, ಆ ಅಪಾರ್ಟ್‌ಮೆಂಟಿನ ಬಿಲ್ಡರ್‌ನಿಂದ ಅವನಿಗೆ ಬರಬೇಕಾದ ಹಣವನ್ನು ಹಿಡಿಯಲು ಅದೇ ಆದೇಶದ 46 ಮತ್ತು 46ಎ ನಿಯಮಗಳಡಿ ಅರ್ಜಿ ಹಾಕಿಸಿದೆ. ಬಿಲ್ಡರ್ ಬಾಕಿಯೇ ಇಲ್ಲವೆನ್ನುತ್ತಾನೆ ಎಂದು ವಕೀಲರಿಗೂ ಅನುಮಾನವಿತ್ತು. ನಾನು ಪಟ್ಟು ಬಿಡಲಿಲ್ಲ. ಗುತ್ತಿಗೆದಾರನ ಬಿಲ್ ಪಾಸಾಗಿ ಹಣ ಕೈದಾಟುವ ಮುಂಚೆ ಕೋರ್ಟಿನ ಆದೇಶ ಬಿಲ್ಡರ್ ಕೈಸೇರಬೇಕು, ಗುಟ್ಟೆಲ್ಲ ಅಲ್ಲೇ ಇದೆ. ಆ ವಾರ ಯಾವುದೆಂದು ನನಗೆ ಹೇಗೆ ತಿಳಿಯಿತು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಬಿಲ್ಡರ್ ತಕರಾರು ಮಾಡದೆ ಚಾಲ್ತಿ ಬಿಲ್ಲಿನ ಮೊತ್ತವನ್ನು ಕೋರ್ಟಿಗೆ ಕಟ್ಟಿದ. ಬೇರೆಯವರ ಜಗಳಕ್ಕೆ ತಾನೇಕೆ ಕೋರ್ಟು ಅಲೆಯಬೇಕು?

ಉಳಿದ ಒಂದು ಲಕ್ಷದಷ್ಟಕ್ಕೆ, ಕಾಮಗಾರಿಯ ಭದ್ರತೆಗೆಂದು ಬಿಲ್ಡರ್ ತಡೆಹಿಡಿದಿರುವ ಹಣದ ಮೇಲೂ ಜಪ್ತಿ ಆದೇಶ ಪಡೆದಿದ್ದೇನೆ. ಅದು ಬಿಡುಗಡೆಯಾಗುವವರೆಗೆ ಅರ್ಜಿಯನ್ನು ಮುಕ್ತಾಯ ಮಾಡಿಸುವುದಿಲ್ಲ.